ಒಂದೇ ಸಾಲು ಐದು ಕಡೆ ಇದ್ದರೆ ಹೆಲ್ಪರ್ ಬೇಕೇ ಬೇಕಾ?

ಪ್ರಶ್ನೆ: ನಾವು ಮೂವರು ಸೇರಿ ಸಿ ಭಾಷೆಯಲ್ಲಿ ಚಿಕ್ಕದೊಂದು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬರೆಯುತ್ತಿದ್ದೇವೆ. ಎರಡು 16 ಬಿಟ್ ಸಂಖ್ಯೆ ಜೋಡಿಸಿ 32 ಬಿಟ್ ಮಾಡುವ ಸಾಲು, (ಎ << 16) | ಬಿ, ಐದು ಡ್ರೈವರ್‌ಗಳಲ್ಲಿ ಬರುತ್ತದೆ. ಅದನ್ನು ಮ್ಯಾಕ್ರೋ (ಹೆಸರು ಬರೆದರೆ ಆ ಸಾಲೇ ಅಲ್ಲಿ ಬಂದು ಕೂರುವ ಹೆಲ್ಪರ್) ಮಾಡಿ, ಎಲ್ಲ ಫೈಲ್‌ಗಳೂ ಬಳಸುವ ಕಾಮನ್ ಹೆಡರ್‌ಗೆ ಹಾಕೋಣ ಅಂತ ಗೆಳೆಯ ಹಟ ಹಿಡಿದಿದ್ದಾನೆ. ನನಗೆ ಇದ್ದ ಹಾಗೇ ಓದೋಕೆ ಸುಲಭ. ಯಾರು ಸರಿ?

ಉತ್ತರ: ಈ ಸಾಲಿನ ಮಟ್ಟಿಗೆ ಮುಕ್ಕಾಲು ಪಾಲು ನೀವೇ ಸರಿ. 2025ರ ಆಗಸ್ಟ್‌ನಲ್ಲಿ ಲಿನಕ್ಸ್‌ನಲ್ಲೂ ಇದೇ ಜಗಳ ಆಯಿತು. ರಿಸ್ಕ್-ವಿ ಅನ್ನೋ ಪ್ರೊಸೆಸರ್ ಬಗೆಯ ಕಡೆಯಿಂದ ಬಂದ ಪ್ಯಾಚ್‌ಗಳಲ್ಲಿ (ಕೋಡ್ ಬದಲಾವಣೆಗಳಲ್ಲಿ) ‘ಮೇಕ್_ಯು32_ಫ್ರಮ್_ಟು_ಯು16’ ಅಂತ ಒಂದು ಹೆಲ್ಪರ್ ಇತ್ತು, ಅದೂ ಎಲ್ಲರಿಗೂ ಸೇರಿದ ಹೆಡರ್‌ನಲ್ಲಿ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಕೆಂಡಾಮಂಡಲವಾಗಿ ಇಡೀ ಪುಲ್ ರಿಕ್ವೆಸ್ಟನ್ನೇ (ಪ್ಯಾಚ್‌ಗಳನ್ನು ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ವಾಪಸ್ ಕಳಿಸಿದರು. ತಡವಾಗಿ ಬಂತು ಅನ್ನೋ ಸಿಟ್ಟೂ ಸೇರಿತ್ತು, ಮಾತು ಅಷ್ಟು ಒರಟಾಗಬೇಕಿರಲಿಲ್ಲ. ಆದರೆ ಆ ಹೆಲ್ಪರ್‌ಗಿಂತ ನೇರವಾಗಿ ಬರೆದ ಸಾಲೇ ಮೇಲು ಅನ್ನೋ ಅವರ ವಾದದಲ್ಲಿ ಹುರುಳಿದೆ. ಶಿಫ್ಟ್ (ಬಿಟ್‌ಗಳನ್ನು 16 ಸ್ಥಾನ ಎಡಕ್ಕೆ ಸರಿಸೋದು) ಕಣ್ಣೆದುರಿಗಿದ್ದರೆ ಮೇಲಿನ ಅರ್ಧ ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ. ಆ ಹೆಲ್ಪರ್ ಹೆಸರು ಓದಿದರೆ ಮೊದಲ ಆರ್ಗ್ಯುಮೆಂಟ್ ಮೇಲಕ್ಕೆ ಹೋಗುತ್ತಾ ಕೆಳಕ್ಕಾ? ಹೆಡರ್ ತೆರೆದೇ ನೋಡಬೇಕು.

ಹಾಗಂತ ಹೆಲ್ಪರ್‌ಗಳೇ ಕೆಟ್ಟವು ಅಂತಲ್ಲ. ಲಿನಕ್ಸ್‌ನಲ್ಲೇ ಇರುವ ‘ಗೆಟ್_ಅನ್‌ಅಲೈನ್ಡ್_ಎಲ್ಇ32’ ನೋಡಿ. ಲಿಟಲ್ ಎಂಡಿಯನ್ (ಕೆಳಗಿನ ಬೈಟ್ ಮೊದಲು ಬರುವ ಕ್ರಮ) ಅಂತ ಹೆಸರೇ ಹೇಳುತ್ತದೆ, ಅಲೈನ್ ಆಗದ ವಿಳಾಸದಿಂದ (ಉದಾಹರಣೆಗೆ 4ರಿಂದ ಭಾಗವಾಗದ ವಿಳಾಸ) ಓದುವ ತಲೆನೋವನ್ನು ತಾನೇ ನೋಡಿಕೊಳ್ಳುತ್ತದೆ. ಅಂಥದ್ದು ಬೇಕು.

ಇನ್ನು ನಿಮ್ಮ ಗೆಳೆಯನ ಕಾಲು ಪಾಲು. ‘ಎ’ 16 ಬಿಟ್ ಇದ್ದರೂ ಶಿಫ್ಟ್ ಮಾಡುವ ಮೊದಲು ಸಿ ಅದನ್ನು ಇಂಟ್ (ಸೈನ್ ಇರುವ, ಸಾಮಾನ್ಯವಾಗಿ 32 ಬಿಟ್ ಸಂಖ್ಯೆ) ಮಾಡಿಕೊಳ್ಳುತ್ತದೆ. ಅದರ ಮೇಲಿನ ಬಿಟ್ 1 ಆಗಿದ್ದರೆ ಹೋಗಿ ಸೈನ್ ಬಿಟ್‌ನಲ್ಲಿ (ಋಣವೋ ಧನವೋ ಹೇಳುವ ಬಿಟ್) ಕೂರುತ್ತದೆ, ಆಮೇಲೆ ಆ ಉತ್ತರವನ್ನು 64 ಬಿಟ್ ವೇರಿಯಬಲ್‌ಗೆ ಹಾಕಿದರೆ ಮೇಲಿನ 32 ಬಿಟ್‌ಗಳೂ 1 ಆಗಿ ಕೂತಿರಬಹುದು. ಹಾಗಾಗಿ (ಯು32)ಎ << 16 ಅಂತಲೇ ಬರೆಯಬೇಕು. ಐದು ಕಡೆ ಬರೆಯುವಾಗ ಒಂದು ಕಡೆ ಈ ಕಾಸ್ಟ್ (ಮೊದಲೇ ಸೈನ್ ಇಲ್ಲದ 32 ಬಿಟ್‌ಗೆ ಬದಲಿಸೋದು) ಮರೆತುಹೋಗೋದು ಸಹಜ ಅಲ್ವಾ? ಆ ಭಯ ಇದ್ದರೆ ಮ್ಯಾಕ್ರೋ ಬೇಡ, ಸ್ಟ್ಯಾಟಿಕ್ ಇನ್‌ಲೈನ್ ಫಂಕ್ಷನ್ (ಕರೆದ ಕಡೆಯೇ ಸೇರಿಕೊಳ್ಳಬಲ್ಲ ಚಿಕ್ಕ ಫಂಕ್ಷನ್) ಬರೆಯಿರಿ. ‘ಯು32_ಫ್ರಮ್_ಹೈ_ಲೋ’ ಥರ ಕ್ರಮ ಹೇಳುವ ಹೆಸರಿಡಿ. ಡ್ರೈವರ್ ಫೋಲ್ಡರ್‌ನಲ್ಲೇ ಇರಲಿ.

ಗೆಳೆಯ ಮುಂದೆ ಎರರ್ ಚೆಕ್‌ಗಳನ್ನೂ ಮ್ಯಾಕ್ರೋ ಮಾಡೋಣ ಅಂತ ಬಂದರೆ ಮಾತ್ರ ಖಂಡಿತ ಒಪ್ಪಬೇಡಿ. ಒಳಗೆ ರಿಟರ್ನ್ (ಫಂಕ್ಷನ್‌ನಿಂದ ಹೊರಬರುವ ಆದೇಶ) ಬಚ್ಚಿಟ್ಟುಕೊಂಡ ಮ್ಯಾಕ್ರೋ ಬೇಡ ಅಂತ ಲಿನಕ್ಸ್‌ನ ಕೋಡಿಂಗ್ ಸ್ಟೈಲ್ ನಿಯಮದಲ್ಲೇ ಇದೆ. ಹಿಡಿದ ಲಾಕ್ (ಬೇರೆಯವರು ಮುಟ್ಟದಂತೆ ಹಾಕಿದ ತಡೆ) ಬಿಡದೆಯೇ ಫಂಕ್ಷನ್‌ನಿಂದ ಕೋಡ್ ಹೊರಬಿದ್ದುಬಿಡಬಹುದು, ಓದುವವರಿಗೆ ಆ ಸಾಲು ಸುಮ್ನೆ ಒಂದು ಕಾಲ್ ಥರ ಕಾಣುತ್ತದೆ.