ಅಟ್ಟದಲ್ಲಿ ಸಿಕ್ಕ ಪುಟ್ಟ ಫಿರಂಗಿ ಟಿಪ್ಪುದಾ ಸಾರ್?

ಪ್ರಶ್ನೆ: ನಮ್ಮದು ಪಾಂಡವಪುರ. ತಾತನ ಮನೆ ರಿಪೇರಿ ಮಾಡಿಸ್ವಾಗ ಅಟ್ಟದಲ್ಲಿ ಗೋಣಿಚೀಲದೊಳಗೆ ಒಂದು ಪುಟ್ಟ ಫಿರಂಗಿ ಸಿಕ್ತು. ಒಂದು ಗೇಣು ಉದ್ದ, ನಳಿಗೆ ಹಳದಿ ಲೋಹ, ಗಾಡಿ ಮರದ್ದು, ನಾಲ್ಕು ಚಿಕ್ಕ ಚಕ್ರ, ನಳಿಗೆ ಮೇಲೆ ಒಂದು ಹುಲಿಮುಖ. ಹೆಸರು, ಇಸವಿ ಏನೂ ಇಲ್ಲ. ನಮ್ಮೂರು ಮೊದಲು ಫ್ರೆಂಚ್ ರಾಕ್ಸ್ ಅಲ್ವಾ, ಟಿಪ್ಪು ಕಡೆ ಇದ್ದ ಫ್ರೆಂಚರು ಬಿಟ್ಟೋಗಿದ್ದೇ ಇದು ಅಂತ ಚಿಕ್ಕಪ್ಪನ ಹಠ. ಅಜ್ಜಿ ಹುಣಸೆಹಣ್ಣು ಹಾಕಿ ಉಜ್ಜೋಕೆ ಕೂತಿದ್ರು, ನಾನೇ ತಡೆದೆ. ಫೋಟೋ ಕಳಿಸಿದೀನಿ, ಏನಿದು ಹೇಳಿ.

ಉತ್ತರ: ತಡೆದಿದ್ದು ಒಳ್ಳೇದೇ ಆಯ್ತು, ನಿಜವಾಗ್ಲೂ ಹಳೇದಾಗಿದ್ರೆ ಮೇಲಿನ ಕಂದುಬಣ್ಣ ಹೋದ್ರೆ ಅರ್ಧ ಬೆಲೆ ಹೋದಂಗೆ.

ಮೊದಲು ಹುಲಿ ವಿಚಾರ. ನೀವು ಕಳಿಸಿದ ಫೋಟೋನ ದೊಡ್ಡದು ಮಾಡಿ ನೋಡಿದೆ, ಆ ಮುಖದ ಸುತ್ತ ಕೇಸರ ಇದೆ ಸ್ವಾಮಿ, ಅದು ಸಿಂಹ. ಟಿಪ್ಪು ಕಂಚಿನ ತೋಪುಗಳಲ್ಲಿ ಬಾಯೇ ಹುಲಿಬಾಯಿ, ಗುಂಡು ಹುಲಿ ಗಂಟಲಿಂದ ಬರೋ ಥರ, ಮೈಮೇಲೆ ಹುಲಿಪಟ್ಟೆ, ಜೊತೆಗೆ ಪರ್ಷಿಯನ್ ಬರಹ, ಅವನೇ ಚಾಲ್ತಿಗೆ ತಂದ ಮೌಲೂದಿ ಲೆಕ್ಕದ ವರ್ಷ. ನಿಮ್ಮದ್ರಲ್ಲಿ ಬಾಯಿ ಹತ್ರ ಬರೀ ಒಂದು ಬಳೆ.

ಆಮೇಲೆ ಗಾಡಿ. ನಾಲ್ಕು ಪುಟ್ಟ ಚಕ್ರ, ಎರಡೂ ಕಡೆ ಹಲಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಇಳಿಯುತ್ತೆ, ಇದು ಯುರೋಪಿನ ಹಡಗಿನ ತೋಪಿನ ಮಾದರಿ. ಆ ಮೆಟ್ಟಿಲು ಚೆಂದಕ್ಕಲ್ಲ, ಅದರ ಮೇಲೆ ಸನ್ನೆಕೋಲು ಊರಿ ನಳಿಗೆ ಹಿಂಭಾಗ ಎತ್ತಿ ಗುರಿ ಸರಿಮಾಡ್ತಿದ್ರು. ಬಯಲಲ್ಲಿ ಎತ್ತು ಕಟ್ಟಿ ಎಳೆಯೋ ತೋಪಿಗೆ ಎರಡು ದೊಡ್ಡ ಚಕ್ರ ಬೇಕು, ಪಾಂಡವಪುರದ ಬಂಡೆ ಮಧ್ಯೆ ಈ ಪುಟ್ಟ ಚಕ್ರ ಉರುಳಿದಂಗೇ! ಅಂದಹಾಗೆ ಫಿರಂಗಿ ಅನ್ನೋ ಮಾತಿಗೇ ಮೂಲದಲ್ಲಿ ಪರದೇಶಿ ಅಂತಲೇ ಅರ್ಥ, ಚಿಕ್ಕಪ್ಪ ಅಷ್ಟರಮಟ್ಟಿಗೆ ಗೆದ್ರು ಅಂದ್ಕೊಳ್ಳಿ.

ಹಿಂದುಗಡೆ ಬೆಂಕಿ ಮುಟ್ಟಿಸೋ ರಂಜಕದ ತೂತಿಗೆ ಸೂಜಿ ಹಾಕಿ ನೋಡಿ ಅಂದಿದ್ದೆ, ಮೂರು ಮಿಲಿಮೀಟರ್‌ಗೇ ನಿಂತ್ಕೊಳ್ತು ಅಂದ್ರಿ. ದಸರಾದಲ್ಲಿ 21 ಕುಶಾಲತೋಪು ಹಾರಿಸೋದು ನೋಡಿರ್ತೀರಲ್ಲ, ಬಾಯಿಂದ ಮದ್ದು ಜಡಿದು ಹಿಂದಿನ ತೂತಲ್ಲಿ ಬೆಂಕಿ ಮುಟ್ಟಿಸ್ಬೇಕು, ಆ ತೂತು ಒಳಗೆ ತನಕ ಹೋಗ್ದಿದ್ರೆ ಬೆಂಕಿ ಮದ್ದಿಗೆ ಮುಟ್ಟೋದಾದ್ರೂ ಹೆಂಗೆ? ಅಂದ್ರೆ ಹಾರಿಸೋಕೆ ಮಾಡಿದ್ದೇ ಅಲ್ಲ. ಡ್ರಿಲ್ ಹಾಕಿ ಪಟಾಕಿ ಮದ್ದು ತುಂಬ್ತೀನಿ ಅಂತ ಯಾರಾದ್ರೂ ಹುಡುಗರು ಬಂದ್ರೆ ಮೊದಲು ಓಡಿಸಿ, ಎರಕದೊಳಗೆ ಗಾಳಿಗುಳ್ಳೆ ಇದ್ರೆ ನಳಿಗೆ ಒಡೆದು ಚೂರು ಮುಖಕ್ಕೇ ಬರುತ್ತೆ.

ಲೋಹ ಯಾವುದು ಅಂತ ನೀವೇ ಪತ್ತೆ ಮಾಡಿದ್ರಿ. ನಳಿಗೆ ಬಿಚ್ಚಿ ತೂಗಿದ್ರೆ 840 ಗ್ರಾಂ, ಅಳತೆ ಜಗ್ಗಿನಲ್ಲಿ ಮುಳುಗಿಸಿದ್ರೆ ನೀರು 100 ಎಂಎಲ್ ಏರ್ತು, ಅಂದ್ರೆ ನೀರಿಗಿಂತ 8.4 ಪಟ್ಟು ಭಾರ, ಹಿತ್ತಾಳೆ ಲೆಕ್ಕ ಸರಿಯಾಗಿ ಕೂರುತ್ತೆ. ಸತುವಿನ ಮಿಶ್ರಲೋಹಕ್ಕೆ ಬಣ್ಣ ಬಳಿದಿದ್ರೆ 7 ಕೂಡ ದಾಟ್ತಿರಲಿಲ್ಲ. ಅಡಿಯಲ್ಲಿ ಉದ್ದಕ್ಕೂ ಕೂದಲೆಳೆಯಷ್ಟು ಗೆರೆ ಇದೆಯಲ್ಲ, ಅದು ಎರಡು ಭಾಗದ ಅಚ್ಚು ಕೂಡೋ ಜಾಗ.

ಕೊನೆಗೆ ನನಗೆ ಸುಳಿವು ಕೊಟ್ಟಿದ್ದು ಸ್ಕ್ರೂ. ನಳಿಗೆಯ ಎರಡೂ ಪಕ್ಕ ಚಾಚಿರೋ ಕಿವಿ ಹಿಡಿದಿರೋ ನಾಲ್ಕೂ ಪ್ಲಸ್ ತಲೆಯವು, ಅಂಥ ಸ್ಕ್ರೂ ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ. ಆಮೇಲೆ ಯಾರೋ ಬದಲಾಯಿಸಿರಬಹುದಲ್ಲ ಅಂತ ಚಿಕ್ಕಪ್ಪ ಕೇಳೇ ಕೇಳ್ತಾರೆ, ಆದ್ರೆ ಮರದಲ್ಲಿ ಹಳೇ ತೂತಿನ ಗುರುತಿಲ್ಲ, ತೂತು ಅಗಲ ಆಗಿಲ್ಲ. ಟಿಪ್ಪು ಸತ್ತಿದ್ದು 1799ರ ಮೇ 4ಕ್ಕೆ.

ಹಾಗಾಗಿ ಇದು ಶೋಕೇಸಿಗೆ ಅಂತ ಮಾಡಿದ ಹಿತ್ತಾಳೆ ಬೊಂಬೆ ತೋಪು, ಇಂಥವು ಉತ್ತರ ಪ್ರದೇಶದ ಮುರಾದಾಬಾದ್ ಕಡೆಯಿಂದಲೂ ಬರ್ತವೆ, ವಿದೇಶದಲ್ಲೂ ಮಾಡ್ತಾರೆ. ಕಾನೂನಿನ ಲೆಕ್ಕದಲ್ಲಿ ಪುರಾತನ ವಸ್ತು ಅನ್ನಿಸ್ಕೊಳ್ಳೋಕೆ ನೂರು ವರ್ಷ ಆಗಿರ್ಬೇಕು, ಇದಕ್ಕೆ ಆ ತಲೆನೋವೂ ಇಲ್ಲ.

ಅಜ್ಜಿಗೆ ಹುಣಸೆಹಣ್ಣು ವಾಪಸ್ ಕೊಡಿ, ಉಜ್ಜಲಿ. ನಳಿಗೆ ಬಿಚ್ಚಿಕೊಡಿ ಅಷ್ಟೇ, ಚಕ್ರದ ಅಚ್ಚು ಕಬ್ಬಿಣದ್ದು, ಹುಳಿ ನೀರು ಬಿದ್ರೆ ತುಕ್ಕು ಹಿಡಿಯುತ್ತೆ.