ಶುಗರ್ ಮಾತ್ರೆ ಜೊತೆ ನಾಟಿ ಪುಡಿ ಕೊಡಬಹುದಾ, ಗಿಡದ್ದು, ಸೈಡ್ ಎಫೆಕ್ಟ್ ಇಲ್ಲವಲ್ಲ, ಆದರೂ ಡಾಕ್ಟರಿಗೆ ಹೇಳಲೇಬೇಕಾ ಅಂತ ಕೇಳಿದ್ದೀರಿ.

ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಯೋಚಿಸುತ್ತಾ ಕೂತಿದ್ದೆ.

ನಮ್ಮಪ್ಪನಿಗೆ ಮಧುನಾಶಿನಿ ಅನ್ನೋ ನಾಟಿ ಗಿಡದ ಹುಚ್ಚು. ಅದರ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದ ಹಾಗಿರುತ್ತದೆ, ಅದು ನಿಜ. ನಾಲಿಗೆಯಲ್ಲಿ ಸಿಹಿ ಹೋದರೆ ರಕ್ತದಲ್ಲೂ ಹೋದ ಹಾಗೆ ಅಂತ ಅವರ ಲೆಕ್ಕ. ಬೆಳಿಗ್ಗೆ ಆ ಎಲೆಯ ಪುಡಿ, ಅದರ ಮೇಲೆ ಹಾಗಲಕಾಯಿ ರಸ. ಆ ಧೈರ್ಯದಲ್ಲಿ ಮಾತ್ರೆಯನ್ನು ಆಗಾಗ ಬಿಡುತ್ತಿದ್ದರು, ನಮಗೆ ಗೊತ್ತಿರಲಿಲ್ಲ. ಚೆಕಪ್‌ನಲ್ಲಿ ಶುಗರ್ ಏರಿತ್ತು. "ಬೇರೆ ಏನಾದರೂ ತಗೊಳ್ತಾರಾ?" ಅಂತ ಡಾಕ್ಟರ್ ಕೇಳಿದರು. ನಾನು "ಇಲ್ಲ ಸಾರ್" ಅಂದೆ.

ಈ "ಇಲ್ಲ ಸಾರ್" ಬಗ್ಗೆ ಸ್ವಲ್ಪ ಹೇಳಬೇಕು. ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಹಾಗಲಕಾಯಿ ತರಕಾರಿ, ಪುಡಿ ಬರೀ ಎಲೆ, ಇವೆಲ್ಲ ಔಷಧಿ ಲೆಕ್ಕಕ್ಕೆ ಬರುತ್ತಾ ಅನ್ನಿಸಿತು. ಬೈಸಿಕೊಳ್ಳುವ ಭಯವೂ ಇತ್ತು. ಹೌದು ಅಂದಿದ್ದರೆ ಮಾತ್ರೆ ಬಿಟ್ಟಿದ್ದೀರಾ ಅಂತ ಮುಂದಿನ ಪ್ರಶ್ನೆ ಬರುತ್ತಿತ್ತು, ಅಪ್ಪ ಅಲ್ಲೇ ಸಿಕ್ಕಿಬೀಳುತ್ತಿದ್ದರು, ಡೋಸ್ ಹಾಗೇ ಇರುತ್ತಿತ್ತು. ನಾನು ಇಲ್ಲ ಅಂದದ್ದಕ್ಕೆ ಅಪ್ಪನ ಶುಗರ್ ಮಾತ್ರೆ ಗ್ಲಿಮೆಪಿರೈಡ್ 1 ಮಿಲಿಗ್ರಾಂ ಇದ್ದದ್ದು 2 ಆಯಿತು. ಅಪ್ಪ ಹೆದರಿ ಮಾತ್ರೆ ತಪ್ಪದೆ ನುಂಗಲು ಶುರು ಮಾಡಿದರು. ಪುಡಿ, ರಸ ಎರಡನ್ನೂ ಬಿಡಲಿಲ್ಲ.

ಆ ಮಾತ್ರೆ ನುಂಗಿದ ಮೇಲೆ ನೀವು ಊಟ ಮಾಡಿದರೂ ಮಾಡದಿದ್ದರೂ ಅದು ಮೈಯಲ್ಲಿ ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುತ್ತದೆ. ಹೀಗಿರುವಾಗ ಒಂದು ಏಕಾದಶಿ, ಅಪ್ಪನ ಉಪವಾಸ. ಮಧ್ಯಾಹ್ನದ ಹೊತ್ತಿಗೆ ಬನಿಯನ್ ಪೂರ್ತಿ ಒದ್ದೆ, ಕೈ ನಡುಕ, ನನ್ನನ್ನು ಚಿಕ್ಕಪ್ಪನ ಹೆಸರಿಂದ ಕರೆಯುತ್ತಿದ್ದಾರೆ. ಲಕ್ವ ಹೊಡೆಯಿತು ಅಂದುಕೊಂಡೆವು. ಶುಗರ್ ಮೀಟರ್ ಹಾಕಿದರೆ 44. 70ಕ್ಕಿಂತ ಕೆಳಗೆ ಹೋದರೇ ಕಡಿಮೆ ಅಂತ ಲೆಕ್ಕ. ಪುಣ್ಯಕ್ಕೆ ನುಂಗುವಷ್ಟು ಎಚ್ಚರ ಇತ್ತು, ಸಕ್ಕರೆ ನೀರು ಕುಡಿಸಿ ಆಟೋದಲ್ಲಿ ಹಾಕಿಕೊಂಡು ಓಡಿದೆವು. ಡ್ರಿಪ್ ಹಾಕಿ ಒಂದು ದಿನ ಅಲ್ಲೇ ಇಟ್ಟುಕೊಂಡರು, ಮಾತ್ರೆಯ ಕೆಲಸ ಬೇಗ ಮುಗಿಯಲ್ಲವಂತೆ.

ಗಿಡದ್ದು, ಅದಕ್ಕೆ ಸೈಡ್ ಎಫೆಕ್ಟ್ ಇಲ್ಲ ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪಲ್ಲ. ಶುಗರ್ ಇಳಿಸುವ ಶಕ್ತಿ ಇದ್ದರೆ ಜಾಸ್ತಿ ಇಳಿಸುವ ಶಕ್ತಿಯೂ ಇರುತ್ತದೆ ಅಲ್ವಾ? ಶುಗರ್‌ಗೇ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಯುರೋಪಿನ ಒಂದು ಗಿಡವೇ, ಹಾಗಾಗಿ ನಾಟಿನಾ ಇಂಗ್ಲಿಷಾ ಅನ್ನೋ ಜಗಳವೇ ನನಗೆ ಸುಮ್ನೆ ಅನ್ನಿಸುತ್ತದೆ. ಪುಡಿ ಡಬ್ಬಿಯನ್ನೇ ತಗೊಂಡು ಹೋಗಿ ಡಾಕ್ಟರ್ ಮೇಜಿನ ಮೇಲಿಡಿ. ಬೈದರೆ ಬೈಸಿಕೊಳ್ಳಿ. ಪುಡಿ ಕೊಟ್ಟವರಿಗೂ ಮಾತ್ರೆ ಚೀಟಿ ತೋರಿಸಿ, ನೋಡದೆ ಕೊಡುವವರಾದರೆ ಅವರ ಹತ್ತಿರ ಹೋಗಲೇಬೇಡಿ.

ಅಪ್ಪ ಈಗ ರಸ ಬಿಟ್ಟು ಹಾಗಲಕಾಯಿ ಗೊಜ್ಜಿಗೆ ಇಳಿದಿದ್ದಾರೆ. ಅದಕ್ಕೆ ಬೆಲ್ಲ ಬೀಳುತ್ತದೆ ಅನ್ನೋದನ್ನು ಕಳೆದ ಚೆಕಪ್‌ನಲ್ಲಿ ನಾನೇ ಹೇಳಿದೆ. ಮನೆಗೆ ಬರುವವರೆಗೂ ಅಪ್ಪ ನನ್ನ ಹತ್ತಿರ ಮಾತಾಡಲಿಲ್ಲ.