ಮೂಳೆಗೆ ಹರಡಿದ ಸ್ತನ ಕ್ಯಾನ್ಸರ್: ಶಸ್ತ್ರಚಿಕಿತ್ಸೆಯಿಂದ ಆಯಸ್ಸು ಹೆಚ್ಚುವುದೇ?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಸ್ತನ ಕ್ಯಾನ್ಸರ್ ಪತ್ತೆಯಾದಾಗಲೇ ಅದು ಬೆನ್ನುಮೂಳೆಗೂ ಹರಡಿತ್ತು. ಸದ್ಯಕ್ಕೆ ಗಡ್ಡೆ ತೆಗೆಯುವ ಅಗತ್ಯವಿಲ್ಲವೆಂದು ವೈದ್ಯರು ಔಷಧಿ ಮಾತ್ರ ಕೊಡುತ್ತಿದ್ದಾರೆ. ಆದರೆ ಸಾವಿರಾರು ರೋಗಿಗಳ ದಾಖಲೆ ಪರಿಶೀಲಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ಇದೇ ಹಂತದಲ್ಲಿ ಶಸ್ತ್ರಚಿಕಿತ್ಸೆ ಆದವರು ಹೆಚ್ಚು ಕಾಲ ಬದುಕಿದರೆಂದು ಓದಿದೆ. ನಾವು ಒತ್ತಾಯಿಸಬೇಕೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಓದಿದ್ದು ಬಹುಶಃ ಡಾ. ಸೀಮಾ ಖಾನ್ ಮತ್ತು ಅವರ ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನದ ವಿಚಾರ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ದತ್ತಾಂಶ ಸಂಗ್ರಹದಲ್ಲಿದ್ದ, ನಾಲ್ಕನೆಯ ಹಂತದ (ದೇಹದ ಬೇರೆ ಭಾಗಕ್ಕೂ ಹರಡಿದ) ಸ್ತನ ಕ್ಯಾನ್ಸರಿನ 16,023 ರೋಗಿಗಳ ದಾಖಲೆಗಳನ್ನು ಅವರು ಪರಿಶೀಲಿಸಿದ್ದರು. ಗಡ್ಡೆಯನ್ನು ಪೂರ್ತಿಯಾಗಿ ತೆಗೆಸಿಕೊಂಡವರು ಹೆಚ್ಚು ಕಾಲ ಬದುಕಿದ್ದು ಅದರಲ್ಲಿ ಕಂಡದ್ದು ನಿಜ. ಆದರೆ ಅವರು ಬದುಕಿದ್ದು ಶಸ್ತ್ರಚಿಕಿತ್ಸೆಯ ಕಾರಣದಿಂದಲೇ ಎಂದು ಆ ದಾಖಲೆಗಳು ಹೇಳಲಾರವು. ಶಸ್ತ್ರಚಿಕಿತ್ಸಕರು ಸಹಜವಾಗಿಯೇ ವಯಸ್ಸು ಕಡಿಮೆಯಿರುವ, ರೋಗ ಹೆಚ್ಚು ಕಡೆ ಹರಡದ, ಔಷಧಿಗೆ ಚೆನ್ನಾಗಿ ಸ್ಪಂದಿಸಿದ ರೋಗಿಗಳನ್ನು ಆರಿಸಿಕೊಳ್ಳುತ್ತಾರೆ. ಈ ವಿವರಗಳಲ್ಲಿ ಅನೇಕವು ಇಂಥ ಸಂಗ್ರಹಗಳಲ್ಲಿ, ಅಂದರೆ ಕ್ಯಾನ್ಸರ್ ನೋಂದಣಿಗಳಲ್ಲಿ, ನಮೂದಾಗುವುದೇ ಇಲ್ಲ. ಜೊತೆಗೆ, ಶಸ್ತ್ರಚಿಕಿತ್ಸೆ ಆಗಬೇಕಾದರೆ ರೋಗಿ ಆ ದಿನದವರೆಗೆ ಬದುಕಿರಲೇಬೇಕು. ಮೊದಲ ಕೆಲವು ತಿಂಗಳುಗಳಲ್ಲೇ ತೀರಿಕೊಂಡವರೆಲ್ಲ ತಾವಾಗಿಯೇ ಶಸ್ತ್ರಚಿಕಿತ್ಸೆ ಆಗದವರ ಲೆಕ್ಕಕ್ಕೆ ಸೇರಿಬಿಡುತ್ತಾರೆ.

ಈ ಸಂದೇಹ ಬಗೆಹರಿಯಲು, ಯಾರಿಗೆ ಶಸ್ತ್ರಚಿಕಿತ್ಸೆ, ಯಾರಿಗೆ ಬೇಡ ಎಂಬುದನ್ನು ವೈದ್ಯರ ಆಯ್ಕೆಗೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸುವ ಪ್ರಯೋಗ ಬೇಕಿತ್ತು. ಅದನ್ನು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ರಾಜೇಂದ್ರ ಬಡ್ವೆ ಅವರ ತಂಡ 350 ಮಹಿಳೆಯರಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿತು. ಸ್ತನದ ಗಡ್ಡೆಗೆ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಚಿಕಿತ್ಸೆ ಪಡೆದ ಗುಂಪಿನ ಮಧ್ಯಂಕ ಬದುಕುಳಿವು (ಗುಂಪಿನ ಅರ್ಧದಷ್ಟು ಜನ ಬದುಕಿದ್ದ ಅವಧಿ) 19.2 ತಿಂಗಳು, ಪಡೆಯದ ಗುಂಪಿನದು 20.5 ತಿಂಗಳು, ಅಂದರೆ ಆಯಸ್ಸಿನ ಮಟ್ಟಿಗೆ ಲಾಭ ಕಾಣಲಿಲ್ಲ. ನನಗೆ ಬಹಳ ಗೌರವ ಮೂಡಿಸಿದ್ದು ಮುಂದಿನ ಸಂಗತಿ: ಡಾ. ಖಾನ್ ತಮ್ಮದೇ ಫಲಿತಾಂಶವನ್ನು ಪರೀಕ್ಷೆಗೊಡ್ಡುವ ಇಂಥದೇ ಪ್ರಯೋಗವನ್ನು ಅಮೆರಿಕದಲ್ಲಿ ಮುನ್ನಡೆಸಿದರು. 2022ರಲ್ಲಿ ಪ್ರಕಟವಾದ ಅದರಲ್ಲೂ ಆಯಸ್ಸು ಹೆಚ್ಚಲಿಲ್ಲ. ಟರ್ಕಿಯ ಪ್ರಯೋಗವೊಂದರಲ್ಲಿ ಮಾತ್ರ ಲಾಭ ಕಂಡಿತು, ಆದರೆ ಅಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಹಾರ್ಮೋನಿಗೆ ಸ್ಪಂದಿಸುವ ಗಡ್ಡೆಯಿದ್ದವರೂ ಒಂದೇ ಮೂಳೆಗೆ ರೋಗ ಹರಡಿದವರೂ ಹೆಚ್ಚಿಗೆ ಇದ್ದರು; ಇಂಥವರು ಸಾಮಾನ್ಯವಾಗಿ ಹೇಗೂ ಹೆಚ್ಚು ಕಾಲ ಬದುಕುತ್ತಾರೆ.

ಹಾಗೆಂದು ನೋಂದಣಿಗಳನ್ನು ಕಡೆಗಣಿಸಬಾರದು. 1982ರಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನಡೆಯುತ್ತಿರುವ ಜನಸಂಖ್ಯಾ ಆಧಾರಿತ (ಒಂದು ಪ್ರದೇಶದ ಎಲ್ಲ ರೋಗಿಗಳನ್ನೂ ದಾಖಲಿಸುವ) ಕ್ಯಾನ್ಸರ್ ನೋಂದಣಿಯಂಥವು ಇಲ್ಲದಿದ್ದರೆ, ಯಾವ ಕ್ಯಾನ್ಸರ್ ಎಷ್ಟು ಜನರಿಗೆ ಬರುತ್ತಿದೆ, ವರ್ಷಗಳು ಕಳೆದಂತೆ ಅದು ಹೆಚ್ಚುತ್ತಿದೆಯೇ ಎಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ನಿಮ್ಮ ತಾಯಿಯ ವಿಷಯದಲ್ಲಿ ಔಷಧಿಯೇ ಮುಖ್ಯ ಚಿಕಿತ್ಸೆ, ಏಕೆಂದರೆ ಅದು ಸ್ತನವನ್ನೂ ಮೂಳೆಯನ್ನೂ ಒಟ್ಟಿಗೆ ತಲುಪುತ್ತದೆ. ವೈದ್ಯರು ಕೈಬಿಟ್ಟಿದ್ದಾರೆಂದು ದಯವಿಟ್ಟು ಭಾವಿಸಬೇಡಿ. ಗಡ್ಡೆ ಹುಣ್ಣಾದರೆ, ರಕ್ತ ಸೋರಿದರೆ, ನೋವು ಹೆಚ್ಚಾದರೆ ಆ ತೊಂದರೆಯ ಶಮನಕ್ಕಾಗಿ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮುಂದಿನ ಭೇಟಿಯಲ್ಲಿ ಯಾವ ಔಷಧಿ ಹೊಂದುತ್ತದೆಂದು ತಿಳಿಸುವ ಹಾರ್ಮೋನ್ ಗ್ರಾಹಕ ಮತ್ತು ಹರ್-2 ಪರೀಕ್ಷೆಯ ಫಲಿತಾಂಶ ಏನು, ರೋಗ ಒಂದೇ ಮೂಳೆಯಲ್ಲಿದೆಯೇ ಅಥವಾ ಹಲವೆಡೆ ಇದೆಯೇ, ಮೂಳೆ ಮುರಿಯದಂತೆ ಔಷಧಿ ಕೊಡುತ್ತಿದ್ದಾರೆಯೇ ಎಂದು ಕೇಳಿ. ತಾಯಿಗೆ ಹೊಸದಾಗಿ ಬೆನ್ನುನೋವು ಅಥವಾ ಕಾಲಿನಲ್ಲಿ ಬಲಹೀನತೆ ಕಂಡುಬಂದರೆ ಆ ಭೇಟಿಯವರೆಗೂ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.